ಮೆಟ್ಟಿಲ ಬಳಿಯ ಅನ್ನದ ತಟ್ಟೆ: ನಮ್ಮ ಮನೆಯ ವಾಟ್ಸಾಪ್ ಗುಂಪಿನಿಂದ

ಚಿಕ್ಕಪ್ಪ: (ಫಾರ್ವರ್ಡ್) "ಬೀದಿನಾಯಿಗಳೆಲ್ಲ ಇನ್ನು ಶೆಡ್ಡಿಗೆ, ಅನ್ನ ಹಾಕಿದವರ ಮೇಲೆ ಕೇಸು. ಸುಪ್ರೀಂ ಕೋರ್ಟ್ ಆದೇಶ." ಸುಧಾ, ನಿಮ್ಮ ಬಡಾವಣೆಯವರಿಗೂ ಇದನ್ನು ಕಳುಹಿಸು.

ಸುಧಾ: ಚಿಕ್ಕಪ್ಪ, ಇದು ಅರ್ಧ ಸುದ್ದಿ. ನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಬೇಕೆಂಬ ಆದೇಶ ಬಂದದ್ದು 2025ರ ಆಗಸ್ಟ್ 11ರಂದು, ಅದೂ ದೆಹಲಿ ಮತ್ತು ಸುತ್ತಮುತ್ತಲಿಗೆ. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆದ ನಾಯಿಯನ್ನು ಹಿಡಿದಲ್ಲಿಗೇ ಬಿಡಬೇಕು, ರೇಬೀಸ್ ತಗಲಿದ್ದನ್ನೂ ಮೈಮೇಲೆ ಬೀಳುವುದನ್ನೂ ಮಾತ್ರ ಬಿಡಬಾರದು, ಅನ್ನವನ್ನು ಗೊತ್ತುಪಡಿಸಿದ ಜಾಗದಲ್ಲಷ್ಟೇ ಹಾಕಬೇಕು ಎಂದಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಹಿಡಿದವನ್ನು ಅಲ್ಲಿಗೇ ಮರಳಿ ಬಿಡಬಾರದೆಂದು ನವೆಂಬರ್ 7ರಂದು ಹೇಳಿತು. ಇನ್ನು ಶೆಡ್ಡಿನ ಮಾತು: 2023ರ ಗಣತಿಯ ಪ್ರಕಾರ ಬೆಂಗಳೂರಿನಲ್ಲೇ ಸುಮಾರು 2.79 ಲಕ್ಷ ನಾಯಿಗಳಿದ್ದವು. ಅಷ್ಟಕ್ಕೆ ಶೆಡ್ಡು ಎಲ್ಲಿ ಕಟ್ಟುವುದು?

ಅತ್ತಿಗೆ: ತಾರೀಖುಗಳು ನಿನ್ನ ಬಳಿಯೇ ಇರಲಿ, ಸುಧಾ. ಪುಟ್ಟನ ಮೀನಖಂಡಕ್ಕೆ ಹಲ್ಲು ಹಾಕಿದ ನಾಯಿ ನಮ್ಮ ಮೆಟ್ಟಿಲ ಬಳಿ ಇಟ್ಟಿದ್ದ ಅನ್ನವನ್ನೇ ಕಾಯುತ್ತಿತ್ತು. ಹದಿನೈದು ನಿಮಿಷ ಸೋಪು ಹಚ್ಚಿ ನಲ್ಲಿಯ ಕೆಳಗೆ ಗಾಯ ತೊಳೆದವಳು ನಾನು; ಗಾಯದ ಸುತ್ತ ರೇಬೀಸ್ ತಡೆಯುವ ಇಮ್ಯುನೊಗ್ಲಾಬ್ಯುಲಿನ್ ಮದ್ದು ಚುಚ್ಚುವಾಗ ಅವನ ಕಾಲನ್ನು ಅದುಮಿ ಹಿಡಿದವಳೂ ನಾನೇ. ಆಮೇಲೆ 3, 7, 14, 28ನೆಯ ದಿನಗಳ ಸೂಜಿ ಬೇರೆ. ಅನ್ನ ಹಾಕಿದ ಪುಣ್ಯಾತ್ಮರು ಒಂದು ದಿನವೂ ಜೊತೆಗೆ ಬರಲಿಲ್ಲ.

ಸುಧಾ: ಅತ್ತಿಗೆ, ಆ ತಟ್ಟೆಯನ್ನು ಅಲ್ಲಿ ಇಟ್ಟದ್ದು ತಪ್ಪೇ, ಅದನ್ನು ನಾನು ಸಮರ್ಥಿಸುವುದಿಲ್ಲ. ಮೆಟ್ಟಿಲು, ಬಾಗಿಲು, ಮಕ್ಕಳು ಆಡುವ ಜಾಗಗಳಿಂದ ದೂರದಲ್ಲಿ, ನಿಗದಿತ ಹೊತ್ತಿನಲ್ಲಿ ಹಾಕಬೇಕೆಂದು 2023ರ ಕೇಂದ್ರ ನಿಯಮಗಳೇ ಹೇಳುತ್ತವೆ. ಈಗ ಪಂಪ್‌ಹೌಸಿನ ಹಿಂದೆ ರಾತ್ರಿ ಒಂಬತ್ತೂವರೆಗೆ ಹಾಕಿ, ಹತ್ತಕ್ಕೆ ತಟ್ಟೆ ಎತ್ತಿ, ನೆಲ ತೊಳೆದು ಬರುತ್ತಿದ್ದೇವೆ. ನಮ್ಮಲ್ಲಿರುವ ಹನ್ನೊಂದು ನಾಯಿಗಳಲ್ಲಿ ಏಳರ ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿದೆ, ಅಂದರೆ ಅವುಗಳ ಶಸ್ತ್ರಚಿಕಿತ್ಸೆ ಆಗಿದೆ. ಉಳಿದ ನಾಲ್ಕು ಸಿಕ್ಕಿಲ್ಲ, ಏಕೆಂದರೆ ಹಿಡಿಯುವ ಗಾಡಿಯ ಸದ್ದಿಗೇ ಅವು ಕಾರುಗಳ ಅಡಿಗೆ ನುಸುಳುತ್ತವೆ. ಅನ್ನ ಹಾಕುವವರ ಕೈಗೆ ಮಾತ್ರ ಬಾಲ ಅಲ್ಲಾಡಿಸುತ್ತ ಬರುತ್ತವೆ. ಅವರನ್ನು ಓಡಿಸಿದರೆ ಹಿಡಿದುಕೊಡುವವರಾದರೂ ಯಾರು?

ಚಿಕ್ಕಪ್ಪ: ಹಾಗಾದರೆ ಅನ್ನ ಹಾಕುವವರ ಹೆಸರು, ಫೋನ್ ನಂಬರು, ಪ್ರತಿ ನಾಯಿಗೆ ಲಸಿಕೆ ಹಾಕಿಸಿದ ದಿನ, ಇಷ್ಟನ್ನೂ ಸಂಘದ ಫಲಕದಲ್ಲಿ ಬರೆಯಲಿ. ಬರೆಯಲೊಲ್ಲದವರು ಅನ್ನ ಹಾಕುವುದೂ ಬೇಡ.

ಸುಧಾ: ಒಪ್ಪಿದೆ ಚಿಕ್ಕಪ್ಪ. ಮೊದಲ ಹೆಸರು ನನ್ನದೇ ಇರಲಿ.

ಅತ್ತಿಗೆ: ಫಲಕದಿಂದ ಹಲ್ಲು ಉದುರುವುದಿಲ್ಲ. ಪುಟ್ಟನಿಗೆ ಕಚ್ಚಿದ ಆ ಕಂದು ಹೆಣ್ಣುನಾಯಿಯ ಕಿವಿಯಲ್ಲಿ ಗುರುತಿಲ್ಲ, ನಾನೇ ನೋಡಿದ್ದೇನೆ. ಮುಂದಿನ ಸಲ ಗಾಡಿ ಬಂದಾಗ ಮೊದಲು ಅದನ್ನು ಹಿಡಿದುಕೊಡು. ಮರಳಿ ಬಿಡುವ ಮುನ್ನ ನನ್ನನ್ನೂ ಒಂದು ಮಾತು ಕೇಳು.