ಸಹಾಯ ಬೇಕು: ಕರುಳಿನ ಬ್ಯಾಕ್ಟೀರಿಯಾ ಅಧ್ಯಯನಕ್ಕೆ ನಾಡದೋಣಿಯ ತಾಜಾ ಬೂತಾಯಿ, ಬಂಗುಡೆ

ಎಲ್ಲರಿಗೂ ನಮಸ್ಕಾರ. ಕಡಲಲ್ಲಿ ಹಿಂಡುಹಿಂಡಾಗಿ ವಲಸೆ ಹೋಗುವ ಬೂತಾಯಿ ಮತ್ತು ಬಂಗುಡೆಯ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳ ಕುರಿತು ನಾನು ಮಂಗಳೂರಿನಲ್ಲಿ ಸ್ನಾತಕೋತ್ತರ ಅಧ್ಯಯನ ನಡೆಸುತ್ತಿದ್ದು, ಮಲ್ಪೆ ಭಾಗದ ನಾಡದೋಣಿ ಮೀನುಗಾರರ ನೆರವನ್ನು ಕೋರುತ್ತಿದ್ದೇನೆ.

ಮೀನು ಸತ್ತ ಮೇಲೆ ಕರುಳಿನ ಸೂಕ್ಷ್ಮಜೀವಿಗಳ ಪ್ರಮಾಣ ಬೇಗನೆ ಬದಲಾಗತೊಡಗುವುದರಿಂದ, ಹಲವು ದಿನ ಮಂಜುಗಡ್ಡೆಯಲ್ಲಿಟ್ಟು ತರುವ ಟ್ರಾಲ್ ಬೋಟಿನ ಮೀನು ಊಟಕ್ಕೆ ಚೆನ್ನಾಗಿದ್ದರೂ ಈ ಕೆಲಸಕ್ಕೆ ಒದಗುವುದಿಲ್ಲ. ಬೂತಾಯಿಯ ಹೊಟ್ಟೆಯಂತೂ ತೀರಾ ಮೃದು. ತಡವಾದರೆ ಅದು ಒಡೆದು, ಕರುಳಿನ ಬ್ಯಾಕ್ಟೀರಿಯಾ ಯಾವುದು, ಚರ್ಮದ್ದು ಯಾವುದು ಎಂದು ಬೇರ್ಪಡಿಸಲಾಗದು.

ಸಾಲ್ಮನ್ ಮೀನು ನದಿಯಿಂದ ಕಡಲಿಗಿಳಿದಾಗ ಅದರ ಕರುಳಿನ ಬ್ಯಾಕ್ಟೀರಿಯಾ ಸಮುದಾಯವೇ ಬದಲಾಗುತ್ತದೆ. ನಮ್ಮ ಬೂತಾಯಿ ಕಡಲಿನಲ್ಲೇ ಉಳಿಯುವ ಮೀನಾದರೂ, ಮುಂಗಾರಿನಲ್ಲಿ ಅದರ ಆಹಾರವಾದ ಡಯಾಟಮ್‌ಗಳು (ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು) ಹೆಚ್ಚಿದಾಗ ಕರುಳಿನಲ್ಲಿ ಅಂಥದ್ದೇ ವ್ಯತ್ಯಾಸವಾಗುವುದೇ ಎಂದು ನೋಡುವುದು ನನ್ನ ಉದ್ದೇಶ. ಇದು ನಮ್ಮ ಕರಾವಳಿಯ ಮೀನಿನ ಬಗ್ಗೆ ನಾವೇ ತಿಳಿಯಬೇಕಾದ ವಿಷಯವೆಂದು ನಾನು ದೃಢವಾಗಿ ನಂಬಿದ್ದೇನೆ.

ಆದ್ದರಿಂದ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆಯ ನಿಷೇಧದ ಅವಧಿಯಲ್ಲಿ, ದೋಣಿ ದಡ ಸೇರಿದ ಕೂಡಲೇ ಕೆಲವು ಮೀನು ಕೊಡಬಲ್ಲವರು ದಯವಿಟ್ಟು ತಿಳಿಸಿ. ಅಂದಿನ ದರವನ್ನೇ ಕೊಡುತ್ತೇನೆ. ಕರುಳನ್ನು ದಡದಲ್ಲೇ ಬೇರ್ಪಡಿಸಿ ಕೆಡದಂತೆ ಶೇ. 95ರ ಎಥನಾಲ್‌ನಲ್ಲಿ (ಆಲ್ಕೋಹಾಲ್) ಹಾಕಿಕೊಳ್ಳುತ್ತೇನೆ. ಉಡುಪಿಯಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್ ಇರುವ ಪ್ರಯೋಗಾಲಯದ ಪರಿಚಯವಿದ್ದವರೂ ದಯವಿಟ್ಟು ಬರೆಯಿರಿ.