ಪದಚರ್ಚೆ: ಗಾಡಿಗಳ 'ಫ್ಲೋ' ಅಂದರೆ ಹರಿವಾ, ಓಡಾಟವಾ?

ಎಲ್ಲರಿಗೂ ನಮಸ್ಕಾರ,

ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಕರೆಂಟು, ಸಿಎನ್‌ಜಿ, ಹೈಡ್ರೋಜನ್‌ನಲ್ಲಿ ಓಡುವ ಗಾಡಿಗಳಿಗೆ ಬಂಕ್ ಎಲ್ಲಿ ಹಾಕಬೇಕು ಅನ್ನುವ ಲೆಕ್ಕಾಚಾರದ ಬಗ್ಗೆ ಕನ್ನಡದಲ್ಲಿ ಒಂದು ಬರಹ ಮಾಡುತ್ತಿದ್ದೇನೆ. ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ, ಎಲ್ಲಕ್ಕಿಂತ ಜಾಸ್ತಿ 'ಫ್ಲೋ' ಅನ್ನುವುದರಲ್ಲಿ, ಅಂದರೆ ಒಂದೂರಿಂದ ಇನ್ನೊಂದೂರಿಗೆ ಗಾಡಿಗಳು ಮಾಡುವ ಪ್ರಯಾಣ.

ಮೊದಲು ವಿಷಯ ಹೇಳುತ್ತೇನೆ. ಹಳೆಯ ಲೆಕ್ಕದಲ್ಲಿ ಜನ ಊರಲ್ಲಿದ್ದಾರೆ, ಅವರಿಗೆ ಹತ್ತಿರವಾಗುವ ಹಾಗೆ ಆಸ್ಪತ್ರೆಯೋ ಅಂಗಡಿಯೋ ಇಡಬೇಕು, ಅಷ್ಟೇ. ಆದರೆ ಪೆಟ್ರೋಲ್ ಹಾಕಿಸಲಿಕ್ಕೆಂದೇ ಮನೆಯಿಂದ ಹೊರಡುವವರು ಕಡಿಮೆ, ಎಲ್ಲಿಗೋ ಹೋಗುವಾಗ ದಾರಿಯಲ್ಲಿ ಹಾಕಿಸಿಕೊಳ್ಳುತ್ತೇವೆ, ಅಲ್ವಾ? ಹಾಗಾಗಿ 1990ರಲ್ಲಿ ಹಾಡ್ಗ್ಸನ್ ಎನ್ನುವವರು ಊರಿನ ಬದಲು ಪ್ರಯಾಣವನ್ನೇ ಎಣಿಸುವ ಮಾದರಿ ಮಾಡಿದರು. 2005ರಲ್ಲಿ ಕೂಬಿ ಮತ್ತು ಲಿಮ್ ಎನ್ನುವ ಸಂಶೋಧಕರು ಇದಕ್ಕೆ ಟ್ಯಾಂಕಿನ ಮಿತಿಯನ್ನು ಸೇರಿಸಿದರು. ದಾರಿಯಲ್ಲಿ ಬಂಕ್ ಇದ್ದರೆ ಸಾಲದು, ಗಾಡಿ ನಡುವೆ ನಿಲ್ಲದೆ ಹೋಗಿ ಬರಬೇಕು. ಇಲ್ಲದಿದ್ದರೆ ಆ ಪ್ರಯಾಣ ಲೆಕ್ಕಕ್ಕಿಲ್ಲ.

ನಮ್ಮದೇ ದಾರಿ ನೋಡಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಮಡಿಕೇರಿಯಲ್ಲಿ ಮಾತ್ರ ಬಂಕ್ ಇದ್ದರೆ, ಒಮ್ಮೆ ತುಂಬಿಸಿದರೆ 240 ಕಿ.ಮೀ. ಓಡುವ ಗಾಡಿಯೇ ಬೇಕು. ಅದೇ ಬಂಕನ್ನು ಅರ್ಧ ದಾರಿಯಲ್ಲಿ, ಪಿರಿಯಾಪಟ್ಟಣಕ್ಕೂ ಹುಣಸೂರಿಗೂ ನಡುವೆ ಎಲ್ಲೋ ಇಟ್ಟರೆ 120 ಓಡುವ ಗಾಡಿಯೂ ನಿಭಾಯಿಸುತ್ತದೆ. ಆ ಕಡೆ 60 ಹೋಗಿ ಬಂದು ಮತ್ತೆ ತುಂಬಿಸಿಕೊಂಡು, ಈ ಕಡೆ 60 ಹೋಗಿ ಬರಬಹುದು. (ರಾತ್ರಿ ಮನೆಯಲ್ಲೇ ಚಾರ್ಜ್‌ಗೆ ಹಾಕುವವರ ಲೆಕ್ಕ ಬೇರೆ.) ಮನೆಗಳೇ ಇಲ್ಲದ ಜಾಗ ಎರಡು ಊರಿಗಿಂತ ಒಳ್ಳೆಯದಾಗಿಬಿಡುತ್ತದೆ, ನನಗೆ ಇದು ಬಹಳ ಹಿಡಿಸಿತು.

ಈಗ ಪದ. 'ಫ್ಲೋ'ಗೆ ಹರಿವು ಅಂತ ಬರೆದೆ, ಆಮೇಲೆ ಹೊಡೆದು ಹಾಕಿದೆ. ತಲಕಾವೇರಿಯಿಂದ ಇಳಿದ ನೀರು ವಾಪಸ್ ಬರುವುದಿಲ್ಲ, ಗಾಡಿ ಬರುತ್ತದೆ. ಸಂಚಾರ ಅಂದರೆ ಸುಮ್ನೆ ಒಂದು ಕಡೆ ನಿಂತು ಗಾಡಿ ಎಣಿಸಿದ ಹಾಗೆ, ಎಲ್ಲಿಂದ ಎಲ್ಲಿಗೆ ಅನ್ನುವುದು ಅದರಲ್ಲಿಲ್ಲ. ಓಡಾಟ ಅಂದಾಗ ಹೋಗುವುದೂ ಬರುವುದೂ ಒಟ್ಟಿಗೇ ಕೇಳಿಸುತ್ತದೆ. 'ವಿರಾಜಪೇಟೆಗೆ ಓಡಾಡುತ್ತಾರೆ' ಅಂದರೆ ವಾಪಸ್ ಬರುತ್ತಾರಾ ಅಂತ ಯಾರೂ ಕೇಳುವುದಿಲ್ಲ. ಮನೆಯಿಂದ ಹೊರಡುವಾಗಲೂ ನಾವು 'ಹೋಗ್ತೇನೆ' ಅನ್ನದೆ 'ಹೋಗಿ ಬರ್ತೇನೆ' ಅನ್ನುವವರು. ನನ್ನ ಮತ ಓಡಾಟಕ್ಕೇ. ಲೆಕ್ಕದ ಪುಸ್ತಕಕ್ಕೆ ಅದು ಹಗುರವಾಯಿತು ಅನಿಸುತ್ತದಾ?

'ರೇಂಜ್'ಗೆ, ಅಂದರೆ ಒಮ್ಮೆ ತುಂಬಿಸಿದರೆ ಗಾಡಿ ಓಡುವ ದೂರಕ್ಕೆ, ಎಲ್ಲರೂ ವ್ಯಾಪ್ತಿ ಅಂತ ಬರೆಯುತ್ತಾರೆ. ನನಗೆ ಅದನ್ನು ಓದಿದರೆ ಪೊಲೀಸ್ ಠಾಣೆ ನೆನಪಾಗುತ್ತದೆ. ಮೈಲೇಜ್ ಅಂದರೆ ಲೀಟರಿಗೆ ಎಷ್ಟು ಅನ್ನುವುದು, ಅದೂ ಬೇರೆ. ಬರೀ 'ಓಟ' ಸಾಕಲ್ವಾ? ಸಂಪಾಜೆಯಿಂದ ಘಟ್ಟ ಹತ್ತುವಾಗ ಬ್ಯಾಟರಿ ಬೇಗ ಇಳಿಯುತ್ತದೆ, ಇಳಿಯುವಾಗ ಸ್ವಲ್ಪ ತುಂಬಿಕೊಳ್ಳುತ್ತದೆ, ಹಾಗಾಗಿ ಹತ್ತುವ ಓಟ, ಇಳಿಯುವ ಓಟ ಅಂತ ಬೇರೆಬೇರೆ ಹೇಳಲಿಕ್ಕೂ ಬರುತ್ತದೆ.

'ರೀಫ್ಯೂಯೆಲಿಂಗ್'ಗೆ ಮರುಪೂರಣ ಬೇಡ, ಓದುವವರು ಇಂಗುಗುಂಡಿ ತೋಡಲಿಕ್ಕೆ ಹೊರಟಾರು. ಪೆಟ್ರೋಲನ್ನು 'ಹಾಕಿಸುತ್ತೇವೆ', ಏಕೆಂದರೆ ಹಾಕುವವನು ಬಂಕಿನ ಹುಡುಗ. ಚಾರ್ಜ್‌ಗೆ ನಾವೇ 'ಹಾಕುತ್ತೇವೆ'. ಎರಡಕ್ಕೂ ಹೊಂದುವ ಒಂದೇ ಕ್ರಿಯಾಪದ ನನಗೆ ಹೊಳೆದಿಲ್ಲ. 'ತುಂಬಿಸು' ಹತ್ತಿರ ಬರುತ್ತದೆ, ಆದರೆ ಚಾರ್ಜನ್ನು ತುಂಬಿಸಿದೆ ಅಂತ ನಿಮ್ಮ ಕಡೆ ಯಾರಾದರೂ ಹೇಳುತ್ತಾರಾ?

ಕೊನೆಗೆ ಜಾಗದ ಹೆಸರು. ಬಂಕ್ ಅಂದ ಕೂಡಲೇ ಪೆಟ್ರೋಲ್ ವಾಸನೆ ಬರುತ್ತದೆ. ಅರವಟ್ಟಿಗೆ ಅಂತ ಕರೆದರೆ ಹೇಗೆ? ಶಾಸನಗಳಲ್ಲೂ ಸಿಗುವ ಹಳೆಯ ಮಾತು. ದಾರಿಹೋಕರಿಗೆ ಬಾಯಾರುವ ಕಡೆ ಇಡುವಂಥದ್ದು, ಕೂಬಿ ಲಿಮ್ ಹೇಳುವುದೂ ಹೆಚ್ಚುಕಮ್ಮಿ ಅದನ್ನೇ. ತೊಡಕು ಒಂದೇ, ಅರವಟ್ಟಿಗೆಯಲ್ಲಿ ನೀರಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಬೋರ್ಡಿನಲ್ಲಿ ಆ ಹೆಸರು ಓದಿ ಬಂದವನ ಕೈಗೆ ಬಿಲ್ಲು ಕೊಟ್ಟರೆ ಜಗಳ ಆಗುತ್ತದೆಯೇನೋ. ನಿಮ್ಮ ಕಡೆ ಈ ಪದ ಇನ್ನೂ ಬಳಕೆಯಲ್ಲಿದ್ದರೆ, ಯಾವ ಅರ್ಥದಲ್ಲಿ ಅಂತ ದಯವಿಟ್ಟು ತಿಳಿಸಿ.