ಪದಚರ್ಚೆ: ‘ಡಿಜಿಟಲ್ ಅರೆಸ್ಟ್’ಗೆ ಕನ್ನಡದಲ್ಲಿ ಏನನ್ನೋಣ? ‘ಬಂಧನ’ ಬೇಡ ಅನ್ನಿಸುತ್ತಿದೆ

ಎಲ್ಲರಿಗೂ ನಮಸ್ಕಾರ.

ಮುಂಬೈ ಹತ್ತಿರದ ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ಇಲ್ಲಿನ ನಮ್ಮ ಕನ್ನಡ ಸಂಘದವರು ಹಿರಿಯರಿಗೆ ಹಂಚಲು ಒಂದು ಪುಟದ ಕರಪತ್ರ ಬರೆದುಕೊಡಿ ಅಂದಿದ್ದಾರೆ. ವಿಷಯ ನಿಮಗೆಲ್ಲ ಗೊತ್ತಿರುವುದೇ. ಪೊಲೀಸ್, ಸಿಬಿಐ, ಕಸ್ಟಮ್ಸ್ ಅಂತ ಹೇಳಿಕೊಂಡು ಫೋನ್ ಬರುತ್ತದೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮ ಆಧಾರ್ ನಂಬರಿನಲ್ಲಿ ಯಾರೋ ಖಾತೆ ತೆರೆದಿದ್ದಾರೆ ಅಂತ ಶುರುವಾಗುತ್ತದೆ. ಆಮೇಲೆ ವಿಡಿಯೋ ಕಾಲ್. ಖಾಕಿ ತೊಟ್ಟವರು, ಹಿಂದೆ ಠಾಣೆಯಂಥ ಗೋಡೆ. ಕಾಲ್ ಕಟ್ ಮಾಡಬೇಡಿ, ಯಾರಿಗೂ ಹೇಳಬೇಡಿ, ನೀವೀಗ ‘ಡಿಜಿಟಲ್ ಅರೆಸ್ಟ್’ನಲ್ಲಿದ್ದೀರಿ ಅನ್ನುತ್ತಾರೆ. ಕೊನೆಗೆ, ಹಣವನ್ನು ‘ಪರಿಶೀಲನೆಗೆ’ ಈ ಖಾತೆಗೆ ಹಾಕಿ ಅನ್ನುತ್ತಾರೆ.

ಕನ್ನಡ ಪತ್ರಿಕೆಗಳು ಇದನ್ನು ‘ಡಿಜಿಟಲ್ ಅರೆಸ್ಟ್’ ಅಂತಲೇ ಬರೆಯುತ್ತವೆ, ಇಲ್ಲವೇ ‘ಡಿಜಿಟಲ್ ಬಂಧನ’ ಅನ್ನುತ್ತವೆ. ನನಗೆ ಎರಡೂ ಬೇಡ. ಕಳ್ಳ ತನ್ನ ಕೆಲಸಕ್ಕೆ ತಾನೇ ಇಟ್ಟುಕೊಂಡ ಹೆಸರು ಅದು. ಅವನು ಏನು ಹೇಳಿಕೊಳ್ಳುತ್ತಾನೆ ಅನ್ನುವುದನ್ನು ಬಿಟ್ಟು, ಏನು ಮಾಡುತ್ತಾನೆ ಅನ್ನುವುದನ್ನು ಹೇಳುವ ಪದ ಕನ್ನಡದಲ್ಲಿ ಯಾವುದು? ಇದೇ ನನ್ನ ಪ್ರಶ್ನೆ.

ಇದು ಸುಮ್ನೆ ಶಬ್ದದ ಗೀಳಲ್ಲ. ನಮ್ಮ ಕಟ್ಟಡದ ಒಬ್ಬ ಹಿರಿಯರಿಗೆ ಹೀಗೆ ಆಯಿತು. ಊರು ಕಾರ್ಕಳದ ಕಡೆ. ಆಫೀಸಿನಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಕಾಗದ, ಸೀಲು, ಸಹಿ ಅಂದರೆ ಅವರಿಗೆ ತುಂಬ ಗೌರವ. ವಾಟ್ಸಾಪಿನಲ್ಲಿ ಬಂದ ‘ವಾರಂಟ್’ನಲ್ಲಿ ಸಿಂಹದ ಮುದ್ರೆ ಇತ್ತು, ಕೆಳಗೆ ಹಸಿರು ಶಾಯಿಯ ಸಹಿ ಇತ್ತು. ಫೋನನ್ನು ಅಡುಗೆಮನೆಯ ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು ಅದರ ಎದುರೇ ಕೂತಿದ್ದರಂತೆ. ಬಾತ್‌ರೂಮಿಗೆ ಹೋಗಲೂ ಅಪ್ಪಣೆ ಕೇಳಿದ್ದಾರೆ. ಬ್ಯಾಂಕಿನ ಕೌಂಟರಿನಲ್ಲಿದ್ದ ಹೆಣ್ಣುಮಗಳು, ‘ಕಾಕಾ, ಎಫ್‌ಡಿ ಯಾಕೆ ಮುರಿಸ್ತೀರಿ’ ಅಂತ ಕೇಳಿದಾಗ, ಕಾಲ್‌ನಲ್ಲಿ ಹೇಳಿಕೊಟ್ಟ ಹಾಗೆಯೇ ‘ಆಪರೇಷನ್ ಇದೆ’ ಅಂದರು.

ಹಣ ಹೋಯಿತು. ಆದರೆ ನನ್ನನ್ನು ಕಾಡಿದ್ದು ಆಮೇಲಿನ ಮಾತು. ವಿಷಯವೆಲ್ಲ ತಿಳಿದು, ಫೋನ್ ಮಾಡಿದವರು ಪೊಲೀಸರೇ ಅಲ್ಲ ಅಂತ ಗೊತ್ತಾದ ಮೇಲೂ ಈ ಹಿರಿಯರು ಹೇಳುವುದು ಹೀಗೆ: ‘ನನ್ನ ಅರೆಸ್ಟ್ ಆದ ದಿನ ಮಾರಾಯ್ರೇ, ಮನೆಯಲ್ಲಿ ಯಾರೂ ಇರಲಿಲ್ಲ.’ ‘ನನ್ನ ಅರೆಸ್ಟ್’ ಅಂತೆ! ದೋಚಿಸಿಕೊಂಡವರು ಆರೋಪಿಯ ಹಾಗೆ ಮಾತಾಡುತ್ತಿದ್ದಾರೆ. ಮರ್ಯಾದೆ ಹೋಯಿತು ಅಂತ ಮಗನಿಗೂ ತಕ್ಷಣ ಹೇಳಲಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ದಾಟಿ ಹೋಗಿತ್ತು. ಈ ಸಹಾಯವಾಣಿಗೆ ಬೇಗ ಹೇಳಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ‘ಅರೆಸ್ಟ್’ ಅನ್ನುವ ಮಾತು ನಾಚಿಕೆ ಹುಟ್ಟಿಸುತ್ತದೆ. ನಾಚಿಕೆಯಿಂದ ತಡವಾಗುತ್ತದೆ. ತಡವಾದರೆ ಹಣ ಸಿಗುವುದಿಲ್ಲ.

ಕಾನೂನಿನಲ್ಲಿ ‘ಡಿಜಿಟಲ್ ಅರೆಸ್ಟ್’ ಅನ್ನುವುದೇ ಇಲ್ಲ. ಕೇಂದ್ರ ಸರ್ಕಾರ ಮತ್ತೆ ಮತ್ತೆ ಹೇಳಿದೆ. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯೂ ಹೇಳಿದರು. ವಂಚಕರು ಸುಪ್ರೀಂ ಕೋರ್ಟಿನ ಹೆಸರಲ್ಲೇ ನಕಲಿ ಆದೇಶ ತೋರಿಸಿದ ಪ್ರಕರಣವೊಂದು ಗಮನಕ್ಕೆ ಬಂದು, 2025ರ ಅಕ್ಟೋಬರ್‌ನಲ್ಲಿ ಆ ಕೋರ್ಟು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. ಇಷ್ಟಾದರೂ ಜನ ನಂಬುತ್ತಾರೆ. ಯಾಕೆ?

ಯಾಕೆಂದರೆ ಅಕ್ಕಪಕ್ಕದ್ದೆಲ್ಲ ನಿಜ. 2024ರ ಜುಲೈ 1ರಿಂದ ಯಾವುದು ಅಪರಾಧ ಅಂತ ಹೇಳುವ ಹಳೇ ಐಪಿಸಿ, ಪೊಲೀಸ್-ಕೋರ್ಟಿನ ಕ್ರಮ ಹೇಳುವ ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಮೂರೂ ಹೋಗಿ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಬಂದವು. ಹೊಸ ಕಾನೂನಿನಲ್ಲಿ ದೂರನ್ನು ಆನ್‌ಲೈನ್‌ನಲ್ಲಿ ಕೊಡಬಹುದು, ಮೂರು ದಿನದೊಳಗೆ ಸಹಿ ಮಾಡಿದರೆ ಆಯಿತು. ಮನೆ ಶೋಧವನ್ನು ವಿಡಿಯೋದಲ್ಲಿ ದಾಖಲಿಸಲೇಬೇಕು. ಕೋರ್ಟಿನ ಕಲಾಪ ವಿಡಿಯೋದಲ್ಲಿ ನಡೆಯಬಹುದು. ಗಾಡಿಯ ದಂಡದ ಚಲನ್ ಫೋನಿಗೇ ಬರುತ್ತದೆ. ಇದೆಲ್ಲ ಫೋನಿನಲ್ಲಿ ಆಗುವುದಾದರೆ ಅರೆಸ್ಟ್ ಯಾಕೆ ಆಗಬಾರದು ಅಂತ ಎಪ್ಪತ್ತು ದಾಟಿದವರು ಅಂದುಕೊಂಡರೆ ಅದು ದಡ್ಡತನ ಅಲ್ಲ. ಪೊಲೀಸ್ ಕೆಲಸ ನಿಜವಾಗಿಯೂ ಫೋನಿನೊಳಗೆ ಬಂದಿದೆ. ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಅನ್ನುವ ಗೆರೆ ಮಾತ್ರ ಜನಕ್ಕೆ ಕಾಣುತ್ತಿಲ್ಲ.

ಆ ಗೆರೆ ಕಾನೂನಿನಲ್ಲಿ ಸ್ಪಷ್ಟವಾಗಿದೆ. ಸುರಕ್ಷಾ ಸಂಹಿತೆಯ 43ನೇ ಕಲಂ ಪ್ರಕಾರ ಅರೆಸ್ಟ್ ಅಂದರೆ ಪೊಲೀಸ್ ಅಧಿಕಾರಿ ಆ ವ್ಯಕ್ತಿಯ ಮೈ ಮುಟ್ಟಬೇಕು, ಇಲ್ಲವೇ ಹಿಡಿದಿಡಬೇಕು. ಹಳೇ ಕಾನೂನಿನಲ್ಲೂ ಹೀಗೇ ಇತ್ತು. ಮಾತಿನಿಂದಲೋ ನಡತೆಯಿಂದಲೋ ತಾನೇ ಒಪ್ಪಿ ಶರಣಾದರೆ ಮುಟ್ಟಬೇಕಿಲ್ಲ ಅಂತಲೂ ಅದೇ ಕಲಂ ಹೇಳುತ್ತದೆ. ಹಾಗಾದರೆ ಫೋನಿನಲ್ಲಿ ‘ಆಯ್ತು ಸಾರ್’ ಅಂದರೆ ಶರಣಾದ ಹಾಗಲ್ವಾ ಅಂತ ಯಾರಾದರೂ ಕೇಳಬಹುದು. ಅಲ್ಲ. ಅರೆಸ್ಟ್ ಮಾಡುವ ಅಧಿಕಾರಿ ತನ್ನ ಹೆಸರು ಕಾಣುವ ಹಾಗೆ ಧರಿಸಿರಬೇಕು. ಅರೆಸ್ಟ್ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೋ ಊರಿನವರೋ ಒಬ್ಬರು ಸಾಕ್ಷಿ ಹಾಕಬೇಕು, ಅರೆಸ್ಟ್ ಆದವರ ಸಹಿಯೂ ಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದರಲ್ಲಿ ಬಹಳಷ್ಟು ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನಿಂದ ಬಂದದ್ದು. ಯಾರಿಗೂ ಹೇಳಬೇಡಿ ಅನ್ನುವುದಂತೂ ಪೂರಾ ಉಲ್ಟಾ. ನಿಜವಾದ ಅರೆಸ್ಟಿನಲ್ಲಿ ಮನೆಯವರಿಗೋ ಸ್ನೇಹಿತರಿಗೋ ತಿಳಿಸುವುದು ಪೊಲೀಸರ ಹೊಣೆ. ಅಷ್ಟೇ ಅಲ್ಲ, ಠಾಣೆಗೆ ಬನ್ನಿ ಅನ್ನುವ 35ನೇ ಕಲಂನ ನೋಟಿಸನ್ನು ಕೂಡ ವಾಟ್ಸಾಪಿನಲ್ಲಿ ಕಳಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ನೋಟಿಸೇ ವಾಟ್ಸಾಪಿನಲ್ಲಿ ಬರಬಾರದು ಅಂದಮೇಲೆ ಅರೆಸ್ಟ್ ಎಲ್ಲಿಂದ ಬರಬೇಕು?

ಈಗ ಪದಕ್ಕೆ ಬರುತ್ತೇನೆ.

ನಮ್ಮಲ್ಲಿ ಅರೆಸ್ಟಿಗೆ ಎರಡು ಮಾತಿವೆ. ಪತ್ರಿಕೆಯ ಮಾತು ‘ಬಂಧನ’. ಠಾಣೆಯ ಕಾಗದದ ಮಾತು ‘ದಸ್ತಗಿರಿ’. ‘ಬಂಧನ’ ತುಂಬ ಸಡಿಲ ಪದ. ಸ್ನೇಹದ ಬಂಧನವೂ ಇದೆ, ಗೃಹಬಂಧನವೂ ಇದೆ. ರಾಜಕಾರಣಿಗಳ ಗೃಹಬಂಧನದ ಸುದ್ದಿ ಓದಿ ಓದಿ, ಮನೆಯಲ್ಲೇ ಕೂತವರನ್ನೂ ಬಂಧಿಸಬಹುದು ಅಂತ ನಮಗೆ ರೂಢಿಯಾಗಿದೆ. ‘ಡಿಜಿಟಲ್ ಬಂಧನ’ ಕಿವಿಗೆ ಸಹಜವಾಗಿ ಬೀಳುವುದು ಅದಕ್ಕೇ ಇರಬೇಕು. ದಸ್ತಗಿರಿ ಹಾಗಲ್ಲ. ಫಾರಸಿಯಲ್ಲಿ ದಸ್ತ್ ಅಂದರೆ ಕೈ. ಕೈ ಹಾಕಿ ಹಿಡಿಯುವುದೇ ದಸ್ತಗಿರಿ. ವಿಜಯಪುರ, ಕಲಬುರಗಿ ಕಡೆ ದಸ್ತಗೀರ್ ಅಂತ ಹೆಸರಿಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಅದಕ್ಕೆ ಕೈ ಹಿಡಿದು ಕಾಪಾಡುವವನು ಅನ್ನುವ ಅರ್ಥ. 43ನೇ ಕಲಂ ಹೇಳುವ ‘ಮುಟ್ಟುವುದು’ ಈ ಪದದೊಳಗೇ ಇದೆ. ‘ಡಿಜಿಟಲ್ ದಸ್ತಗಿರಿ’ ಅಂತ ಹೇಳಿ ನೋಡಿ, ಆಗದ ಮಾತು ಅಂತ ತಕ್ಷಣ ಗೊತ್ತಾಗುತ್ತದೆ. ಆದ್ದರಿಂದ ಕರಪತ್ರದಲ್ಲಿ ‘ಫೋನಿನಲ್ಲಿ ದಸ್ತಗಿರಿ ಆಗುವುದಿಲ್ಲ’ ಅಂತ ಒಂದು ಸಾಲು ಹಾಕಿಯೇ ಹಾಕುತ್ತೇನೆ.

ಆದರೆ ಅಪರಾಧಕ್ಕೆ ಹೆಸರು ಇನ್ನೂ ಸಿಕ್ಕಿಲ್ಲ. ಮರಾಠಿ ಪತ್ರಿಕೆಗಳಲ್ಲಿ ‘ತೋತಯಾ ಪೋಲೀಸ್’ ಅಂತ ಬರುತ್ತದೆ. ಇನ್ನೊಬ್ಬನ ಹೆಸರು, ಹುದ್ದೆ ಹೇಳಿಕೊಂಡು ಬರುವವನು ತೋತಯಾ. 1761ರ ಪಾಣಿಪತ್ ಯುದ್ಧದಲ್ಲಿ ಸತ್ತ ಸದಾಶಿವರಾವ್ ಭಾವು ನಾನೇ ಅಂತ ಹೇಳಿಕೊಂಡು ಬಂದವನನ್ನೂ ತೋತಯಾ ಅಂತಲೇ ಕರೆಯುತ್ತಾರೆ. ಒಂದೇ ಪದದಲ್ಲಿ ಎಲ್ಲ ಮುಗಿಯಿತು. ಕನ್ನಡದಲ್ಲಿ ಅಂಥದ್ದು ಒಂದು ಬೇಕು.

‘ನಕಲಿ ಪೊಲೀಸ್’ ಇದೆ, ಅರ್ಥವಾಗುತ್ತದೆ, ಆದರೆ ತೀರಾ ಸಪ್ಪೆ. ‘ಕಳ್ಳ’ ನನಗೆ ಇಷ್ಟ. ಕಳ್ಳನೋಟು, ಕಳ್ಳಭಟ್ಟಿ, ಕಳ್ಳಸಾಗಣೆ ಅಂತ ನಾವು ಸಲೀಸಾಗಿ ಕಟ್ಟುತ್ತೇವೆ. ಆದರೆ ‘ಕಳ್ಳ ಪೊಲೀಸ್’ ಅಂದರೆ ಮಕ್ಕಳ ಆಟ ನೆನಪಾಗುತ್ತದೆ. ‘ಕಳ್ಳಕರೆ’ ಅನ್ನಬಹುದಾ? ಕೇಳಲು ಚೆನ್ನಾಗಿದೆ. ಆದರೆ ಲಾಟರಿ ಹೊಡೆಯಿತು ಅನ್ನುವ ಕಾಲ್ ಕೂಡ ಅದರಲ್ಲಿ ಸೇರಿಬಿಡುತ್ತದೆ.

ಉಳಿದದ್ದು ‘ಸೋಗು’. ‘ಪೊಲೀಸರ ಸೋಗಿನಲ್ಲಿ ಬಂದು ಸರ ದೋಚಿದರು’ ಅಂತ ನಮ್ಮ ಪತ್ರಿಕೆಗಳು ಎಷ್ಟೋ ವರ್ಷಗಳಿಂದ ಬರೆಯುತ್ತಿವೆ. ಹಳೇ ಅಪರಾಧಕ್ಕೆ ಹಳೇ ಮಾತು ರೆಡಿ ಇದೆ. ಕ್ಯಾಮೆರಾ ಬಂದ ಮಾತ್ರಕ್ಕೆ ಅದನ್ನು ಬಿಡಬೇಕಾಗಿಲ್ಲ. ಮರಾಠಿಯ ‘ಸೋಂಗ’ ದಿನಾ ಕಿವಿಗೆ ಬೀಳುವ ನಮ್ಮವರಿಗೆ ಸೋಗು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಕರಾವಳಿಯವರು ‘ವೇಷ’ ಅನ್ನುತ್ತಾರೆ. ಆದರೆ ಅವರಿಗೆ ವೇಷ ಅಂದರೆ ಯಕ್ಷಗಾನದ್ದು, ಗೌರವದ್ದು. ಅದನ್ನು ಇಲ್ಲಿ ಎಳೆದು ತರಲು ನನಗೆ ಮನಸ್ಸಿಲ್ಲ.

ಸದ್ಯಕ್ಕೆ ನಾನು ಬರೆದಿಟ್ಟಿರುವುದು ‘ಪೊಲೀಸ್ ಸೋಗಿನ ಸುಲಿಗೆ’. ಇದರಲ್ಲಿ ‘ಸುಲಿಗೆ’ಯ ಬಗ್ಗೆ ಬಲ್ಲವರು ಹೇಳಬೇಕು. ದಾರಿಯಲ್ಲಿ ಅಡ್ಡಗಟ್ಟಿ ಚಾಕು ತೋರಿಸಿ ಕಿತ್ತುಕೊಂಡರೂ ನಮ್ಮಲ್ಲಿ ಸುಲಿಗೆ, ಹೆದರಿಸಿ ಹಣ ವಸೂಲಿ ಮಾಡಿದರೂ ಸುಲಿಗೆ. ಮುಂಬೈ ಮರಾಠಿಯಲ್ಲಿ ಎರಡನೆಯದಕ್ಕೆ ‘ಖಂಡಣಿ’ ಅಂತ ಬೇರೆ ಮಾತೇ ಇದೆ, ಪೊಲೀಸರಲ್ಲಿ ಖಂಡಣಿ ವಿರೋಧಿ ಪಡೆಯೂ ಇದೆ. ನ್ಯಾಯ ಸಂಹಿತೆಯಲ್ಲೂ ಇವೆರಡು 309, 308 ಅಂತ ಬೇರೆ ಬೇರೆ ಕಲಂ. ‘ವಂಚನೆ’ ಅನ್ನೋಣ ಅಂದರೆ, ಅದರಲ್ಲಿ ಮೋಸ ಹೋದವರ ದುರಾಸೆಯ ವಾಸನೆ ಸ್ವಲ್ಪ ಇರುತ್ತದೆ. ಇಲ್ಲಿ ದುರಾಸೆಯೇ ಇಲ್ಲ. ಇರುವುದು ಬರೀ ಹೆದರಿಕೆ. ಹಾಗಾಗಿ ನನಗೆ ಸುಲಿಗೆಯೇ ಸರಿ ಕಾಣುತ್ತದೆ. ‘ನಾನು ಸುಲಿಗೆಗೆ ಒಳಗಾದೆ’ ಅಂತ ಹೇಳಲು ಆ ಹಿರಿಯರಿಗೆ ನಾಚಿಕೆ ಇರುವುದಿಲ್ಲ.

ಇದೇ ಕರಪತ್ರದಲ್ಲಿ ಬರುವ ಇನ್ನೆರಡು ಮಾತು, ಬೇಗ ಹೇಳಿಬಿಡುತ್ತೇನೆ.

‘ಝೀರೋ ಎಫ್‌ಐಆರ್’. ಕೆಲವರು ‘ಶೂನ್ಯ ಎಫ್‌ಐಆರ್’ ಅನ್ನುತ್ತಾರೆ. ಶೂನ್ಯ ಅಂದರೆ ಏನೂ ಇಲ್ಲದ್ದು ಅನ್ನುವ ಹಾಗಾಗುತ್ತದೆ, ಝೀರೋನೇ ಇರಲಿ. ‘ಆಮಚ್ಯಾ ಹದ್ದೀತ್ ಯೇತ್ ನಾಹೀ’ (ನಮ್ಮ ಸರಹದ್ದಿಗೆ ಬರುವುದಿಲ್ಲ) ಅನ್ನುವ ಉತ್ತರ ಇಲ್ಲಿ ಎಲ್ಲರೂ ಒಮ್ಮೆಯಾದರೂ ಕೇಳಿರುತ್ತಾರೆ. ಈಗ ಯಾವ ಠಾಣೆಯಾದರೂ ದೂರು ಬರೆದುಕೊಳ್ಳಬೇಕು, ಸೊನ್ನೆ ನಂಬರ್ ಹಾಕಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಮತ್ಸ್ಯಗಂಧಾ ರೈಲಿನಲ್ಲಿ ರತ್ನಾಗಿರಿ ಹತ್ತಿರ ಬ್ಯಾಗ್ ಕಳುವಾದರೂ ಮಂಗಳೂರಿನಲ್ಲಿ ಇಳಿದು ದೂರು ಕೊಡಬಹುದು. ಮರಾಠಿಯ ‘ಹದ್ದ್’ಗೆ ನಮ್ಮ ‘ಸರಹದ್ದು’ ಇದ್ದೇ ಇದೆ. ‘ವ್ಯಾಪ್ತಿ’ಗಿಂತ ಅದು ಬೇಗ ಅರ್ಥವಾಗುತ್ತದೆ.

‘ಮ್ಯೂಲ್ ಅಕೌಂಟ್’. ಕದ್ದ ಹಣ ದಾಟಿಸಲು ಇನ್ನೊಬ್ಬರಿಂದ ಪಡೆದ ಖಾತೆ. ಇಂಥವನ್ನು ಹುಡುಕಲೆಂದೇ ರಿಸರ್ವ್ ಬ್ಯಾಂಕ್ ಬಳಗ ‘ಮ್ಯೂಲ್‌ಹಂಟರ್’ ಅನ್ನುವ ಎಐ ಸಾಧನ ಮಾಡಿದೆ. ಕನ್ನಡದಲ್ಲಿ ‘ಬೇನಾಮಿ ಖಾತೆ’ ಅಂತ ಬರೆದದ್ದು ನೋಡಿದೆ, ತಪ್ಪು ಅನ್ನಿಸಿತು. ಖಾತೆ ನಿಜವಾದ ಮನುಷ್ಯನದ್ದೇ, ಹಣ ಮಾತ್ರ ಬೇರೆಯವರದ್ದು. ‘ಬಾಡಿಗೆ ಖಾತೆ’ ಅಂದರೆ ಹೇಗೆ? ಕಮಿಷನ್ ಆಸೆಗೆ ಪಾಸ್‌ಬುಕ್ಕು, ಎಟಿಎಂ ಕಾರ್ಡು ಕೊಟ್ಟುಬಿಡುವ ಕಾಲೇಜು ಹುಡುಗರಿಗೂ ಇದು ತಟ್ಟೀತು.

ಕೊನೆಗೆ ಮುಂಬೈ-ಪುಣೆಯವರಿಗೆ ಒಂದು ಕೋರಿಕೆ. ದೂರು ಕೊಡಲು ಹೋದಾಗ ಠಾಣೆಯಲ್ಲಿ ಕೇಳುವುದು ಮರಾಠಿ. ಕನ್ನಡ ಕಿವಿಗೆ ಅಲ್ಲಿ ಕೆಲವು ಮಾತು ದಾರಿ ತಪ್ಪಿಸುತ್ತವೆ. ಅವರ ‘ಚೌಕಶಿ’ ವಿಚಾರಣೆ, ನಮ್ಮ ಚೌಕಾಸಿ ಅಲ್ಲ. ಅವರ ‘ಕೋಠಡಿ’ ಕಸ್ಟಡಿ, ನಮ್ಮ ಕೊಠಡಿ ಅಲ್ಲ. ಅವರು ‘ಖುಲಾಸಾ’ ಕೇಳಿದರೆ ವಿವರಣೆ ಕೊಡಿ ಅಂತ ಅರ್ಥ. ನಮ್ಮಲ್ಲಿ ಖುಲಾಸೆ ಆದರೆ ಕೇಸೇ ಮುಗಿಯಿತು. ‘ಅಟಕ್’ ಅಂದರೆ ಅರೆಸ್ಟ್, ನಾವು ದಾರಿಯಲ್ಲಿ ಅಟಕಾಯಿಸುವುದಲ್ಲ. ಕರಪತ್ರದ ಹಿಂಬದಿಗೆ ಇಂಥವನ್ನು ಸೇರಿಸುತ್ತಿದ್ದೇನೆ, ನಿಮಗೆ ಗೊತ್ತಿರುವುದನ್ನು ಕಳಿಸಿ. ಕನ್ನಡದ ‘ವಿಚಾರಣೆ’ಯೂ ತೊಡಕಿನದೇ. ಪೊಲೀಸರ ಪ್ರಶ್ನೆಯೂ ವಿಚಾರಣೆ, ಕೋರ್ಟಿನಲ್ಲಿ ಕೇಸು ನಡೆಯುವುದೂ ವಿಚಾರಣೆ. ‘ಆನ್‌ಲೈನ್ ವಿಚಾರಣೆ ಇದೆ’ ಅಂತ ಕಳ್ಳ ಹೇಳಿದಾಗ ಜನ ನಂಬುವುದು ಈ ಗೊಂದಲದಿಂದಲೂ ಇರಬಹುದು. ಬೇರೆ ಮಾಡಿ ಹೇಳಲು ನಿಮ್ಮಲ್ಲಿ ಮಾತಿದೆಯಾ?

ಹೊಸದಾಗಿ ಟಂಕಿಸಿದ ಪದಕ್ಕಿಂತ ನಿಮ್ಮ ಮನೆಯ ಹಿರಿಯರು ಇದನ್ನು ಬಾಯಲ್ಲಿ ಏನಂತ ಕರೆಯುತ್ತಾರೆ ಅನ್ನುವುದು ನನಗೆ ಬೇಕು. ಧಾರವಾಡದ ಕಡೆ, ಕೋಲಾರದ ಕಡೆ, ಉಡುಪಿಯ ಕಡೆ ಯಾವ ಮಾತು ಕೇಳಿದ್ದೀರಿ? ಪ್ರೆಸ್ಸಿಗೆ ಕೊಡುವುದು ಮುಂದಿನ ವಾರ. ‘ಸೋಗಿನ ಸುಲಿಗೆ’ಗಿಂತ ಒಳ್ಳೆಯದು ಸಿಕ್ಕರೆ ತಲೆಬರಹ ಬದಲಿಸಲು ಇನ್ನೂ ಸಮಯ ಇದೆ.